ಹೆಂಡತಿಗೆ ತೋಡಿಸಿದ ಬಾವಿ

ಹತ್ತಿಮತ್ತೂರಿನಲ್ಲಿ ಹೆಂಡತಿಗಾಗಿ ಬಾವಿ ತೋಡಿಸಿದ ಗಂಡಸೆಂದರೆ ಉಳಿವೆಪ್ಪನೊಬ್ಬನೇ. ಸಾವಿರದ ಒಂಬೈನೂರ ಐವತ್ತೈದರ ಬೇಸಿಗೆಯಲ್ಲಿ, ಮನೆಯ ಹಿತ್ತಲಲ್ಲಿ, ಆಳುಗಳ ಜೊತೆ ತಾನೂ ಇಳಿದು ತೋಡಿದ. ಎರೆಮಣ್ಣು ಹೋಗಿ ಗರಸು ಬಂತು, ಗರಸು ಹೋಗಿ ಕಲ್ಲು ಬಂತು, ಕಡೆಗೆ ಕಲ್ಲಿನ ಸಂದಿಯಿಂದ ಜಿನುಗಿದ ನೀರು ಸವುಳಾಗಿತ್ತು. ಅದರಲ್ಲಿ ಬೇಳೆ ಬೇಯುತ್ತಿರಲಿಲ್ಲ, ಬಾಯಿಗೆ ಹಾಕಿದರೆ ನಾಲಿಗೆ ಒರಟಾಗುತ್ತಿತ್ತು. ಆದರೂ ಬಳಸುವುದಕ್ಕೆ ಆಯಿತು. ಕುಡಿಯುವ ನೀರನ್ನು ಉಳಿವೆಪ್ಪನೇ ಬೆಳಗಾಗುತ್ತಲೇ ಕೆರೆಯಿಂದ ಹೊತ್ತು ತಂದು ಹಾಕತೊಡಗಿದ. ಗಂಡಸು ಕೊಡ ಹೊರುವುದನ್ನು ಕಂಡು ಕಟ್ಟೆಯ ಮೇಲೆ ಕುಳಿತವರು ನಕ್ಕರು. ಹೆಂಗಸರು ನಗಲಿಲ್ಲ.

“ಸಾವಂತ್ರಿ ಪುಣ್ಯಾ ಪಡದು ಬಂದಾಳ,” ಅಂದರು. “ನಾವು ಕೆರ್ಯಾಗ ಬಿದ್ದರೂ ನಮ್ಮ ಗಂಡಂದ್ರು ಕೊಡಾ ಒಡದೈತೇನು ಅಂತ ಕೇಳ್ತಾರ.”

ಸಾವಂತ್ರವ್ವ ಆ ಮಾತಿಗೆ ನಕ್ಕಳು. ಬಾವಿ ತೋಡಿದ್ದು ನೀರಿಗಾಗಿ ಅಲ್ಲ, ತಾನು ಕೆರೆಗೆ ಹೋಗಬಾರದೆಂದು. ಅದು ಆ ಮನೆಯಲ್ಲಿ ಮೂವರಿಗೂ ಗೊತ್ತಿತ್ತು: ತೋಡಿಸಿದವನಿಗೆ, ಆಕೆಗೆ, ಮತ್ತು ಪಡಸಾಲೆಯ ಮೂಲೆಯಲ್ಲಿ ಕುಳಿತು ಹೆಚ್ಚು ಮಾತಾಡದ ಅತ್ತೆ ಅನ್ನವ್ವನಿಗೆ.

ಸಾವಂತ್ರವ್ವ ಹಾನಗಲ್ಲ ತಾಲೂಕಿನ ಆಡೂರಿನ ಮಗಳು. ಐವರು ಅಕ್ಕತಂಗಿಯರಲ್ಲಿ ನಡುವಿನವಳು. ಹಿರಿಯಳಿಗೆ ಹಿರಿತನವಿತ್ತು, ಕಿರಿಯಳಿಗೆ ಮುದ್ದಿತ್ತು, ಅಣ್ಣ ಭರಮಪ್ಪನಿಗೆ ಗಂಡುಮಗನ ಗತ್ತಿತ್ತು. ಈಕೆ ಉಂಡಳೋ ಬಿಟ್ಟಳೋ ಎಂದು ಕೇಳುವವರಿರಲಿಲ್ಲ. ಅದಕ್ಕಾಗಿ ಆಕೆ ಅತ್ತವಳೂ ಅಲ್ಲ. ಹಾಗಿರುವುದೇ ಲೋಕ ಎಂದುಕೊಂಡಿದ್ದಳು. ಹೀಗಾಗಿ ಐವತ್ತೆರಡರಲ್ಲಿ ಮದುವೆಯಾಗಿ ಹತ್ತಿಮತ್ತೂರಿಗೆ ಬಂದಾಗ, ಹೊಲದಿಂದ ಬಂದ ಗಂಡ ಕಾಲು ತೊಳೆಯುವ ಮೊದಲೇ “ಸಾವಂತ್ರೀ” ಎಂದು ಕರೆದರೆ ಆಕೆಗೆ ಮೈ ಜುಮ್ಮೆನ್ನುತ್ತಿತ್ತು. ಆಕೆ ಎದುರಿಗೆ ಕೂರದೆ ಉಳಿವೆಪ್ಪ ರೊಟ್ಟಿ ಮುರಿಯುತ್ತಿರಲಿಲ್ಲ. ತಲೆಗೆ ಎಣ್ಣೆ ಹಚ್ಚಿಕೊಂಡರೆ ಯಾವ ಎಣ್ಣೆ ಎಂದು ಕೇಳುತ್ತಿದ್ದ. ಕೆಮ್ಮಿದರೆ ಎದ್ದು ಕೂರುತ್ತಿದ್ದ. ಯಾರೋ ಒಬ್ಬರು ತನ್ನನ್ನು ಇಷ್ಟೊಂದು ನೋಡುತ್ತಾರೆ ಎನ್ನುವುದೇ ಆಕೆಗೆ ದೊಡ್ಡ ಉಡುಗೊರೆಯಾಗಿತ್ತು.

ಆ ನೋಟ ಯಾವಾಗ ಕಾವಲಾಯಿತು ಎಂದು ಆಕೆಗೆ ಹೇಳಲು ಬರುತ್ತಿರಲಿಲ್ಲ. ಹಾಲು ಯಾವ ಗಳಿಗೆಯಲ್ಲಿ ಹೆಪ್ಪಾಯಿತು ಎಂದು ಯಾರು ಹೇಳಬಲ್ಲರು?

ಮೊದಲ ಪಂಚಮಿಗೆ ತವರಿಗೆ ಹೋದಳು. ಜೋಕಾಲಿಯ ಹಗ್ಗ ಇನ್ನೂ ಬಿಗಿದಿರಲಿಲ್ಲ, ಅಷ್ಟರಲ್ಲಿ ಹತ್ತಿಮತ್ತೂರಿನಿಂದ ಆಳು ಬಂದ. ಉಳಿವೆಪ್ಪನಿಗೆ ಜ್ವರ, ಕಣ್ಣು ತೆರೆಯುತ್ತಿಲ್ಲ. ಓಡಿ ಬಂದಳು. ಜ್ವರ ಸುಳ್ಳಲ್ಲ, ಮೈ ಕೆಂಡವಾಗಿತ್ತು. ಆಕೆ ಹಣೆಯ ಮೇಲೆ ಕೈಯಿಟ್ಟ ಮೇಲೆ ಇಳಿಯಿತು. ಮರುವರ್ಷ ತಾನೇ ಬಂಡಿ ಹೂಡಿಕೊಂಡು ಮೂರನೆಯ ದಿನಕ್ಕೆ ಆಡೂರಿಗೆ ಬಂದು ಬಾಗಿಲಲ್ಲಿ ನಿಂತ. ಅಕ್ಕತಂಗಿಯರು ಬಾಯಿಗೆ ಸೆರಗು ಹಿಡಿದು ನಕ್ಕರು. ಆಕೆಗೂ ನಾಚಿಕೆಯ ಜೊತೆ ಹೆಮ್ಮೆಯೇ ಆಯಿತು. ಮೂರನೆಯ ವರ್ಷ ಹೋಗುತ್ತೇನೆಂದು ಆಕೆಯೇ ಕೇಳಲಿಲ್ಲ. ಕೇಳಿದರೆ ಆತನ ಮುಖ ಹೇಗಾಗುತ್ತದೆ ಎಂಬುದು ಗೊತ್ತಾಗಿತ್ತು.

ಆ ಮುಖ ಆಕೆಗೆ ಹವಾಮಾನವಾಯಿತು. ಅಂಗಳದಲ್ಲಿ ಚಪ್ಪಲಿ ಬಿಡುವ ಸಪ್ಪಳದಿಂದಲೇ ಇವತ್ತು ಹೇಗೆ ಎಂದು ತಿಳಿಯುತ್ತಿತ್ತು. ಎರಡೂ ಒಟ್ಟಿಗೆ ಬಿದ್ದರೆ ನಿಶ್ಚಿಂತೆ. ಒಂದು ಬಿಟ್ಟು, ತಡೆದು, ಇನ್ನೊಂದು ಬಿಟ್ಟನೆಂದರೆ ಆಕೆಯ ಕೈಯ ಹಿಟ್ಟು ತಣ್ಣಗಾಗುತ್ತಿತ್ತು.

“ಕೆರಿಗೆ ಹೋಗಿ ಇಷ್ಟೊತ್ತು ಯಾಕಾತು?”

“ಹೆಂಗಸರು ಭಾಳ ಇದ್ರುರೀ. ಪಾಳಿ ಬರಲಿಲ್ಲ.”

“ಯಾರ್ಯಾರಿದ್ರು?”

ಆಕೆ ಹೆಸರು ಹೇಳುತ್ತಿದ್ದಳು. ಮರುದಿನ ಆ ಹೆಸರಿನವರ ಗಂಡಂದಿರನ್ನು ಆತ ಮಾತಿಗೆಳೆದು, ನಿನ್ನೆ ನಿಮ್ಮವಳು ಕೆರೆಗೆ ಹೋಗಿದ್ದಳೇ ಎಂದು ವಿಚಾರಿಸುತ್ತಿದ್ದ. ಅದು ಕಿವಿಗೆ ಬಿದ್ದ ಮೇಲೆ ಸಾವಂತ್ರವ್ವ ಹೆಸರುಗಳನ್ನು ಕಡಿಮೆ ಮಾಡಿದಳು. ಕಡಿಮೆ ಮಾಡಿದ್ದು ಸುಳ್ಳಾಯಿತು. ಸುಳ್ಳು ಸಿಕ್ಕಿಬಿತ್ತು. ಸಿಕ್ಕಿಬಿದ್ದ ಸುಳ್ಳು ಆತನ ಅನುಮಾನಕ್ಕೆ ಬೇರು ಕೊಟ್ಟಿತು. ಆಮೇಲೆ ಆಕೆ ಎಷ್ಟು ನಿಜ ಹೇಳಿದರೂ ಅದರಲ್ಲಿ ಕಲ್ಲು ಹುಡುಕುವುದೇ ಆತನ ಕೆಲಸವಾಯಿತು. ಈಗ ಆಕೆಯ ತಲೆಯಲ್ಲೂ ಒಂದು ಪಂಚಾಯ್ತಿ ಕೂತಿತು. ಯಾರ ಜೊತೆ ಎಷ್ಟು ನಕ್ಕೆ, ಯಾಕೆ ನಕ್ಕೆ, ಸೆರಗು ಸರಿಯಿತ್ತೇ? ಒಲೆಯ ಮುಂದೆ ಕುಳಿತು ತನ್ನನ್ನು ತಾನೇ ವಿಚಾರಣೆ ಮಾಡುತ್ತಿದ್ದಳು.

ಸವಣೂರಿನಿಂದ ಅಲ್ಲಾಭಕ್ಷ ಎಂಬ ಮುದಿ ಬಳೆಗಾರ ಬರುತ್ತಿದ್ದ. ಹಲ್ಲಿಲ್ಲದ ಬಾಯಿ, ಬಾಯ್ತುಂಬ ಮಾತು. ಹೆಂಗಸರ ಕೈಯನ್ನು ಹಿಂಡಿ ಹಿಂಡಿ ಮೆತ್ತಗೆ ಮಾಡಿ, ನೋಯದಂತೆ ಬಳೆ ಏರಿಸುತ್ತಿದ್ದ. ನೋವು ಗೊತ್ತಾಗದಿರಲೆಂದು ಏನಾದರೂ ಹೇಳಿ ನಗಿಸುತ್ತಿದ್ದ. ಒಂದು ಮಧ್ಯಾಹ್ನ ಸಾವಂತ್ರವ್ವ ಹಾಗೆ ನಗುತ್ತಿದ್ದಾಗ ಹೊಲದಲ್ಲಿರಬೇಕಾದ ಉಳಿವೆಪ್ಪ ಬಾಗಿಲಲ್ಲಿ ನಿಂತಿದ್ದ. ಏನೂ ಅನ್ನಲಿಲ್ಲ. ಬಳೆಗಾರನಿಗೆ ನೀರು ಕೂಡ ಕೊಡಿಸಿದ. ಆಮೇಲೆ ವಾರವಿಡೀ ಮಾತು ಬಿಟ್ಟ. ಆಕೆ ತಟ್ಟೆ ಇಟ್ಟರೆ ಉಂಡ, ಹಾಸಿದರೆ ಮಲಗಿದ. ಬಾಯಿ ಮಾತ್ರ ಹೊಲಿದುಕೊಂಡಂತಿತ್ತು. ಬೈದರೆ ಎದುರು ಹೇಳಬಹುದು, ಹೊಡೆದರೆ ಅಳಬಹುದು. ಸುಮ್ಮನಿರುವವನ ಎದುರು ಏನು ಮಾಡುವುದು? ಏನೂ ಮಾಡದವಳು ಆರನೆಯ ದಿನಕ್ಕೆ ತಪ್ಪಾಯಿತೆಂದು ಆತನ ಕಾಲು ಹಿಡಿದಳು.

ಮರುದಿನ ಆತ ಸವಣೂರಿಗೆ ಹೋಗಿ ಹಸಿರು ಬಳೆ ತಂದ. “ಕೈ ಕೊಡು,” ಅಂದ. ಬಳೆ ಚಿಕ್ಕವು. ಆಕೆಗೆ ನೋಡಿದೊಡನೆ ಗೊತ್ತಾಯಿತು. ಗೊತ್ತಾದರೂ ಹೇಳಲಿಲ್ಲ. ಅಲ್ಲಾಭಕ್ಷ ಎಂಥ ಅಳತೆ ತರುತ್ತಿದ್ದ ಎಂಬ ಮಾತು ಮತ್ತೆ ಬರುವುದು ಬೇಡವಾಗಿತ್ತು. ಆತ ಬೆರಳು ಕೂಡಿಸಿ ಒತ್ತಿದ. ಗೆಣ್ಣಿನ ಮೇಲೆ ಗಾಜು ನಿಂತಿತು. ಇನ್ನೂ ಒತ್ತಿದ. ಚಟ್ ಎಂದು ಒಡೆದು ಚೂರು ಒಳಗೆ ನಾಟಿತು. ರಕ್ತ ಕಂಡದ್ದೇ ಉಳಿವೆಪ್ಪ ನೆಲಕ್ಕೆ ಕುಸಿದು ಕುಳಿತು ಕೂಸಿನಂತೆ ಅತ್ತ. “ನಾ ಪಾಪಿ. ನಾ ಪಾಪಿ. ನೀ ನನ್ನ ಬಿಟ್ಟು ಹೋಗ್ತಿ, ನನಗ ಗೊತ್ತೈತಿ.” ಸಾವಂತ್ರವ್ವ ರಕ್ತ ಸುರಿಯುವ ಕೈಯನ್ನು ಸೀರೆಯಲ್ಲಿ ಸುತ್ತಿಕೊಂಡು, ಇನ್ನೊಂದು ಕೈಯಿಂದ ಆತನ ತಲೆ ಸವರಿದಳು. “ಎಲ್ಲಿಗಿ ಹೋಗ್ಲಿರೀ? ಇಲ್ಲೇ ಇದ್ದೇನಲ್ಲ.” ಪೆಟ್ಟು ಬಿದ್ದದ್ದು ತನಗೆ, ಸಮಾಧಾನ ಬೇಕಾದದ್ದು ಆತನಿಗೆ. ಅದು ವಿಚಿತ್ರವೆಂದು ಆಕೆಗೆ ಆಗ ಹೊಳೆಯಲಿಲ್ಲ. ಮೂಲೆಯಿಂದ ನೋಡುತ್ತಿದ್ದ ಅನ್ನವ್ವ ಎದ್ದು ಅರಿಸಿನ ತಂದು ಗಾಯಕ್ಕೆ ಒತ್ತಿದಳು.

ಆ ಬೇಸಿಗೆಯಲ್ಲೇ ಬಾವಿ ತೋಡಿದ್ದು. ಅದೇ ವರ್ಷ ಮಗಳು ಹುಟ್ಟಿದಳು. ಹೆರಿಗೆಗೂ ತವರಿಗೆ ಕಳಿಸಲಿಲ್ಲ.

ಅನ್ನವ್ವನ ಕಥೆಯನ್ನು ಸಾವಂತ್ರವ್ವ ಊರವರ ಬಾಯಿಂದ ತುಣುಕು ತುಣುಕಾಗಿ ಕೇಳಿದ್ದಳು. ಉಳಿವೆಪ್ಪ ಐದು ವರ್ಷದವನಿದ್ದಾಗ ಅನ್ನವ್ವ ಗಂಡನ ಜೊತೆ ಜಗಳಾಡಿ, ಮಗನನ್ನು ಬಿಟ್ಟು, ತನ್ನ ತವರಾದ ಹಿರೇಕೆರೂರ ಸೀಮೆಯ ಹಂಸಭಾವಿಗೆ ಹೋಗಿಬಿಟ್ಟಿದ್ದಳಂತೆ. ಎರಡು ವರ್ಷ ಬಿಟ್ಟು ತಾನಾಗಿಯೇ ತಿರುಗಿ ಬಂದಳಂತೆ. ಬಂದ ಮೇಲೆ ಆ ಮಾತನ್ನು ಆಕೆ ಎತ್ತಲಿಲ್ಲ, ಗಂಡ ಎತ್ತಲಿಲ್ಲ, ಮಗ ಕೇಳಲಿಲ್ಲ. ಗಂಡ ಸತ್ತು ಹೋದರೂ ಆ ಮಾತು ಎತ್ತುವವರಿಲ್ಲದೆ ಮನೆಯಲ್ಲೇ ಉಳಿದಿತ್ತು. ಉಳಿವೆಪ್ಪ ಅವ್ವನಿಗೆ ಯಾವುದಕ್ಕೂ ಕಡಿಮೆ ಮಾಡುತ್ತಿರಲಿಲ್ಲ. ಆದರೆ ಆಕೆಯ ಕಣ್ಣಲ್ಲಿ ಕಣ್ಣಿಟ್ಟು ಮಾತಾಡಿದ್ದನ್ನು ಸಾವಂತ್ರವ್ವ ಕಂಡಿರಲಿಲ್ಲ.

ಐವತ್ತೆಂಟರ ಮಹಾನವಮಿ ಅಮಾವಾಸ್ಯೆ ಕಳೆದ ಮುಂಜಾನೆ ಭರಮಪ್ಪ ಬಂಡಿ ಕಟ್ಟಿಕೊಂಡು ಬಂದು ಬಾಗಿಲಲ್ಲಿ ಇಳಿದ. ಕೊಟ್ಟ ನೀರನ್ನು ಕೈಯಲ್ಲೇ ಹಿಡಿದುಕೊಂಡು ಹೇಳಿದ.

“ಅವ್ವ ಹಾಸಿಗಿ ಹಿಡದಾಳ. ಎದಿ ನೋವು. ಹಾನಗಲ್ಲ ಡಾಕ್ಟರು ಹೇಳಾಕ ಬರಂಗಿಲ್ಲ ಅಂದಾರ. ನಿನ್ನ ಹೆಸರ ತಗದು ಕರಿಯಾಕತ್ತಾಳ, ನಡಿ.”

ಐವರು ಹೆಣ್ಣುಮಕ್ಕಳಲ್ಲಿ ತನ್ನ ಹೆಸರು! ಸಾವಂತ್ರವ್ವ ಗಂಡನ ಕಡೆ ನೋಡಿದಳು. ಉಳಿವೆಪ್ಪ ಕಂಬಕ್ಕೆ ಒರಗಿ ನಿಂತಿದ್ದ.

“ಬರೂ ವಾರ ನಾನ ಕರಕೊಂಡು ಬರ್ತೇನಿ,” ಅಂದ.

“ಬರೂ ವಾರ ಆಕಿ ಇರ್ತಾಳೋ ಇಲ್ಲೋ, ಮಾವ,” ಅಂದ ಭರಮಪ್ಪ.

“ಹಂಗಾರ ನೀ ನಡಿ. ನಾವು ಹಿಂದಿನಿಂದ ಬರ್ತೇವಿ.”

ಬರುವುದಿಲ್ಲವೆಂದು ಎಲ್ಲರಿಗೂ ಗೊತ್ತಿತ್ತು. ಸಾವಂತ್ರವ್ವ ಒಳಗೆ ಹೋಗಿ ಎರಡು ಸೀರೆ ಗಂಟು ಕಟ್ಟಿದಳು. ಗಂಟು ಎರಡು ಸಲ ಬಿಚ್ಚಿತು, ಮತ್ತೆ ಕಟ್ಟಿದಳು. ಮಗಳನ್ನು ಸೊಂಟಕ್ಕೆ ಏರಿಸಿಕೊಂಡು ಹೊರಬಂದು, ಆರು ವರ್ಷಗಳಲ್ಲಿ ಆಡದ ಮಾತನ್ನು ಆಡಿದಳು.

“ನಾ ಹೊಂಟೇನಿರೀ. ಸೀಗಿ ಹುಣ್ಣಿವಿ ಹಿಂದಿನ ದಿನಾ ಬರ್ತೇನಿ. ಹೊಲಕ್ಕ ಎಡಿ ಒಯ್ದು ಚರಗಾ ಚೆಲ್ಲಾಕ ಇರ್ತೇನಿ.”

ಉಳಿವೆಪ್ಪನ ಮುಖದಿಂದ ರಕ್ತ ಇಳಿದು ಹೋಯಿತು. ಧ್ವನಿ ಮಾತ್ರ ಮೆತ್ತಗಿತ್ತು.

“ಹೋಗು. ಕೂಸಿನ್ನ ಇಲ್ಲೇ ಬಿಟ್ಟು ಹೋಗು.”

ಮೂಲೆಯಲ್ಲಿ ಜೋಳ ಹಸನು ಮಾಡುತ್ತಿದ್ದ ಅನ್ನವ್ವನ ಕೈಯಿಂದ ಮೊರ ಜಾರಿ ಬಿತ್ತು. ಜೋಳ ಪಡಸಾಲೆಯ ತುಂಬ ಉರುಳಿತು. ಮುದುಕಿ ಗೋಡೆ ಹಿಡಿದು ಎದ್ದಳು.

“ಉಳಿವ್ಯಾ. ಈ ಮಾತು ನಿನಗ ಯಾರು ಕಲಿಸಿದ್ರು?”

“ನೀ ನಡುವ ಬರಬ್ಯಾಡಬೇ.”

“ಬರ್ತೇನಿ. ಇದ ಬಾಗಲದಾಗ, ನೀ ನಿಂತಲ್ಲೇ ನಿಮ್ಮಪ್ಪ ನಿಂತಿದ್ದ. ನನ್ನ ಬೆನ್ನ ಮ್ಯಾಲಿನ ಬಾಸುಂಡಿ ಇನ್ನೂ ಹಸಿ ಇತ್ತು. ಹೋಗು, ಹುಡುಗನ್ನ ಬಿಟ್ಟು ಹೋಗು ಅಂದ. ಹುಡುಗನ್ನ ಹಿಡಕೊಂಡ್ರ ಇಕಿ ಎಲ್ಲಿಗಿ ಹೋಗ್ತಾಳ ಅಂತ ಅವನ ಲೆಕ್ಕಾ.”

ಉಳಿವೆಪ್ಪ ಕಂಬ ಬಿಟ್ಟು ನೆಟ್ಟಗೆ ನಿಂತ. “ನೀ ಬಿಟ್ಟು ಹೋದಿ. ನಾ ನೋಡೇನಿ. ನೀ ಹಿಂದ ತಿರುಗಿ ನೋಡಲಿಲ್ಲ.”

“ಎಲ್ಲಿಂದ ನೋಡಿದ್ಯೋ? ನಿನ್ನ ನಡುಮನಿಯಾಗ ಹಾಕಿ ಚಿಲಕಾ ಜಡದಿದ್ದ. ನೀ ಕಿಟಕ್ಯಾಗಿಂದ ಚೀರೂದು ಅಗಸಿ ಮಟಾ ಕೇಳಿಸ್ತು. ತಿರುಗಿ ನೋಡಿದ್ರ ನನಗ ಹೆಜ್ಜಿ ಬರತಿದ್ದಿಲ್ಲ. ಅಲ್ಲೇ ನಿಂತಿದ್ರ ಅವತ್ತ ನನ್ನ ಕೊಂದ ಬಿಡ್ತಿದ್ದ.”

“ಮತ್ತ ಯಾಕ ಹೇಳಲಿಲ್ಲ? ಇಷ್ಟ ವರ್ಷ ಯಾಕ ಹೇಳಲಿಲ್ಲ?”

“ನೀ ಕೇಳಲಿಲ್ಲ.” ಮುದುಕಿ ಗೋಡೆ ಬಿಟ್ಟು ಒಂದು ಹೆಜ್ಜೆ ಮುಂದೆ ಬಂದಳು. “ಅಪ್ಪನ ಮ್ಯಾಲೆ ಮಗನ್ನ ಎತ್ತಿ ಕಟ್ಟಬಾರದಂತ ನಾನೂ ಹೇಳಲಿಲ್ಲ.”

ಉಳಿವೆಪ್ಪ ಅವ್ವನನ್ನು ನೋಡಿದ. ಹೆಂಡತಿಯನ್ನು ನೋಡಿದ. ಆಮೇಲೆ ಯಾರನ್ನೂ ನೋಡದೆ ಹಿತ್ತಲಿಗೆ ನಡೆದ. ಸಾವಂತ್ರವ್ವ ಹಿಂದೆಯೇ ಓಡಿದಳು. ಆತ ಬಾವಿಯ ದಂಡೆಯ ಮೇಲೆ ಕುಳಿತು ಎರಡೂ ಕಾಲು ಒಳಗೆ ಇಳಿಬಿಟ್ಟಿದ್ದ.

“ಆಕಿ ಹೊಸ್ತಿಲಾ ದಾಟಿದ್ರ ನಾ ಇಲ್ಲ,” ಅಂದ. ಗೋಡೆಗೆ ಹೇಳಿದಂತೆ ಹೇಳಿದ.

ಭರಮಪ್ಪ ಮುಂದೆ ನುಗ್ಗಲು ಹೋದ. ಸಾವಂತ್ರವ್ವ ಕೈಯೆತ್ತಿ ತಡೆದಳು. ಆಕೆಯ ಬಾಯಿಯಲ್ಲಿ ಆಗಲೇ ಆ ಹಳೆಯ ಮಾತು ಬಂದಿತ್ತು: ಎಲ್ಲಿಗಿ ಹೋಗ್ಲಿರೀ, ಇಲ್ಲೇ ಇದ್ದೇನಲ್ಲ. ಅಂದುಬಿಟ್ಟರೆ ಆತ ಎದ್ದು ಬರುತ್ತಾನೆ. ಅಳುತ್ತಾನೆ. ತಲೆ ಸವರಬೇಕು. ಅಣ್ಣ ಒಬ್ಬನೇ ತಿರುಗಿ ಹೋಗುತ್ತಾನೆ. ಅಲ್ಲಿ ಅವ್ವ ಹೆಸರು ಕರೆಯುತ್ತ ಕರೆಯುತ್ತ ಸುಮ್ಮನಾಗುತ್ತಾಳೆ. ಸೊಂಟದ ಮೇಲಿನ ಮಗಳು ಅಳದೆ ಕಣ್ಣು ಅಗಲಿಸಿ ಅಪ್ಪನನ್ನು ನೋಡುತ್ತಿದ್ದಳು. ಮಗಳ ಆ ನೋಟ ಕಂಡು ಆಕೆಯ ಬಾಯಿಗೆ ಬಂದ ಮಾತು ಅಲ್ಲೇ ನಿಂತಿತು.

ಅಷ್ಟರಲ್ಲಿ ಅನ್ನವ್ವ ಬಂದಳು. ಸೀರೆ ಮೇಲೆತ್ತಿ ಸಿಕ್ಕಿಸಿಕೊಂಡು, ದಂಡೆಯ ಮೇಲೆ ಮಗನ ಪಕ್ಕದಲ್ಲಿ ಕುಳಿತು, ತಾನೂ ಕಾಲನ್ನು ಒಳಗೆ ಇಳಿಬಿಟ್ಟಳು.

“ಬೀಳ್ತಿ ಏನು? ಬೀಳು. ನಾನೂ ಬೀಳ್ತೇನಿ. ಈ ಸಲ ನಿನ್ನ ಬಿಟ್ಟು ಹೋಗಂಗಿಲ್ಲ.” ಆಮೇಲೆ ತಿರುಗಿ ನೋಡದೆಯೇ ಸೊಸೆಗೆ ಹೇಳಿದಳು. “ನೀ ನಡಿಯವ್ವಾ. ಹೊತ್ತಾದ್ರ ಬಿಸಲಾಗತೈತಿ.”

“ಸೀಗಿ ಹುಣ್ಣಿವಿ ಹಿಂದಿನ ದಿನಾ ಬರ್ತೇನಿ,” ಎಂದು ಸಾವಂತ್ರವ್ವ ಇನ್ನೊಮ್ಮೆ ಹೇಳಿದಳು. ಯಾರೂ ತಿರುಗಲಿಲ್ಲ. ಎರಡು ಬೆನ್ನುಗಳು, ಒಂದು ಅಗಲ, ಒಂದು ಬಾಗಿದ್ದು. ಆಕೆ ಹೊಸ್ತಿಲು ದಾಟಿದಳು.

ಸವಣೂರು ದಾಟುವವರೆಗೂ ಆಕೆಯ ಕಿವಿ ಹಿಂದೆಯೇ ಇತ್ತು. ಯಾರಾದರೂ ಕೂಗಿದರೇ, ಓಡಿ ಬಂದರೇ? ಸೈಕಲ್ಲಿನ ಗಂಟೆ ಕೇಳಿದರೆ ತಿರುಗಿ ನೋಡುತ್ತಿದ್ದಳು. ಬಂಕಾಪುರದಲ್ಲಿ ಎತ್ತುಗಳಿಗೆ ನೀರು ಕುಡಿಸಲು ನಿಲ್ಲಿಸಿದಾಗ ಭರಮಪ್ಪ, “ತಿರುಗಿ ಹೋಗೂನೇನು?” ಎಂದು ಕೇಳಿದ. ಆಕೆ ತಲೆ ಅಲ್ಲಾಡಿಸಿದಳು. ಹೌದೆಂದೋ ಅಲ್ಲವೆಂದೋ ಆಕೆಗೇ ಗೊತ್ತಿರಲಿಲ್ಲ. ಅಣ್ಣ ಆಡೂರಿನ ಕಡೆಗೇ ಹೊಡೆದ.

ಅವ್ವ ಬದುಕಿದ್ದಳು. ಮಗಳ ಕೈ ಹಿಡಿದು, “ಯಾವಾಗ ಬಂದಿ?” ಎಂದಷ್ಟೇ ಕೇಳಿ ನಿದ್ದೆ ಹೋದಳು. ಸಾವಂತ್ರವ್ವ ಆ ಹಾಸಿಗೆಯ ಪಕ್ಕ ಕುಳಿತು ಗಂಜಿ ಕುಡಿಸಿದಳು, ಕಾಲು ಒತ್ತಿದಳು. ಆದರೆ ಜೀವ ಹತ್ತಿಮತ್ತೂರಿನ ಹಿತ್ತಲಲ್ಲಿತ್ತು. ಸುದ್ದಿಯಿಲ್ಲ. ಕೆಟ್ಟ ಸುದ್ದಿಯಾಗಿದ್ದರೆ ಇಷ್ಟೊತ್ತಿಗೆ ಬರುತ್ತಿತ್ತು ಎಂದು ಅಕ್ಕ ಹೇಳಿದಳು. ಬಾವಿಯಲ್ಲಿ ಇಬ್ಬರು ಬಿದ್ದರೆ ಸುದ್ದಿ ತರುವವರು ಯಾರು ಎಂದು ಈಕೆಗೆ ಅನಿಸುತ್ತಿತ್ತು. ಒಂದು ಕಡೆ ಭಯ, ಇನ್ನೊಂದು ಕಡೆ ಹೇಳಿಕೊಳ್ಳಲಾಗದ ಇನ್ನೊಂದು ಸಂಗತಿಯಿತ್ತು. ಚಪ್ಪಲಿಯ ಸಪ್ಪಳಕ್ಕೆ ಕಿವಿಯಿಡದೆ ಉಂಡ ರೊಟ್ಟಿ ರುಚಿಯಾಗಿತ್ತು. ರುಚಿಯಾಯಿತಲ್ಲ ಎಂದು ಆಕೆ ತನ್ನ ಮೇಲೆಯೇ ಸಿಟ್ಟಾದಳು.

ಬನ್ನಿ ಮುಡಿಯುವ ಹಬ್ಬದ ಮರುದಿನ, ಬಿಸಿಲೇರುವ ಹೊತ್ತಿಗೆ ಉಳಿವೆಪ್ಪನ ಬಂಡಿ ಬಂತು. ಎತ್ತುಗಳ ಬಾಯಲ್ಲಿ ನೊರೆ. ಆತನ ಕಣ್ಣು ಕೆಂಪಗಿದ್ದವು, ಗಡ್ಡ ಬೆಳೆದಿತ್ತು. ಆತನನ್ನು ಕಂಡ ಮೊದಲ ಗಳಿಗೆಯಲ್ಲಿ ಸಾವಂತ್ರವ್ವನಿಗೆ ಬದುಕಿದ್ದಾನೆ ಎಂಬ ಒಂದೇ ಸಂತೋಷ. ಎರಡನೆಯ ಗಳಿಗೆಗೆ ಆಕೆಯ ಕಣ್ಣು ಆತನ ಮುಖದಲ್ಲಿ ಹವಾಮಾನ ಹುಡುಕಿತು. ಭರಮಪ್ಪ ಬಾರುಕೋಲು ಹಿಡಿದು ಹೊರಗೆ ಬಂದು ನಿಂತ. ನೆರೆಯವರು ಜಗಲಿಗೆ ಬಂದರು.

“ಅತ್ತಿ ಹೆಂಗದಾರ?” ಎಂದು ಕೇಳಿದಳು.

“ಅದಾಳ. ನಡಿ, ಹೋಗೂನು.”

“ಹುಣ್ಣಿವಿ ಹಿಂದಿನ ದಿನಾ ಅಂದೇನಿ.”

“ನಾ ಬಂದೇನಲ್ಲ.”

“ಬಂದೀರಿ. ಎತ್ತಿಗೆ ಮೇವು ಹಾಕಿಸ್ತೇನಿ, ಊಟಾ ಮಾಡ್ರಿ. ನಾ ಅವತ್ತ ಬರ್ತೇನಿ. ಅದಕ್ಕ ಮೊದಲ ಬರಂಗಿಲ್ಲ, ಅದರ ಮರುದಿನಾನೂ ಬರಂಗಿಲ್ಲ. ಅವತ್ತ ಬರ್ತೇನಿ.”

“ಬರ್ದಿದ್ರ?”

“ಬರ್ದಿದ್ರ ಆಗ ಕೇಳ್ರಿ. ಬರೂ ಮೊದಲ ಕೇಳಬ್ಯಾಡ್ರಿ.”

ಆತ ಅಂಗಳದ ನಡುವೆ ನಿಂತೇ ಇದ್ದ. ಕೂಗುತ್ತಾನೆ, ಇಲ್ಲವೇ ಕುಸಿದು ಕೂರುತ್ತಾನೆ ಎಂದು ಆಕೆ ಬಾಗಿಲ ಚೌಕಟ್ಟನ್ನು ಗಟ್ಟಿಯಾಗಿ ಹಿಡಿದುಕೊಂಡಳು. ಮಗಳು ಓಡಿ ಹೋಗಿ ಅಪ್ಪನ ಕಾಲು ತಬ್ಬಿದಳು. ಆತ ಎತ್ತಿಕೊಂಡ. ಭರಮಪ್ಪ ಒಂದು ಹೆಜ್ಜೆ ಮುಂದಿಟ್ಟ. ಕೂಸನ್ನು ಬಂಡಿಯಲ್ಲಿ ಹಾಕಿಕೊಂಡು ಹೊಡೆದರೆ ಏನು ಮಾಡುವುದೆಂದು ಎಲ್ಲರಿಗೂ ಹೊಳೆದಿತ್ತು. ಉಳಿವೆಪ್ಪನಿಗೂ ಹೊಳೆದಿತ್ತು. ಆತನ ಕಣ್ಣು ಒಮ್ಮೆ ಬಂಡಿಯ ಕಡೆ ಹೋಗಿ ಬಂದದ್ದನ್ನು ಸಾವಂತ್ರವ್ವ ಕಂಡಳು.

ಆತ ಮಗಳನ್ನು ತಂದು ಆಕೆಯ ಕಾಲ ಬಳಿ ಇಳಿಸಿದ. ಉಣ್ಣಲಿಲ್ಲ. ಎತ್ತುಗಳು ಮೇವು ಮುಗಿಸುವವರೆಗೆ ಬೇವಿನ ಗಿಡದ ಕೆಳಗೆ ಕುಳಿತಿದ್ದು, ಹೂಡಿಕೊಂಡು, ಒಬ್ಬನೇ ಹೋದ. ಬಂಡಿ ಓಣಿ ತಿರುಗುವಾಗ ಆಕೆಯ ಕಾಲು ತಾವಾಗಿ ಅಂಗಳಕ್ಕಿಳಿದವು. ಇನ್ನೊಂದು ಹೆಜ್ಜೆ ಇಟ್ಟಿದ್ದರೆ ಕೂಗಿಬಿಡುತ್ತಿದ್ದಳು. ಕೂಗಲಿಲ್ಲ. ಒಳಗೆ ಬಂದು ಒಲೆಯ ಮುಂದೆ ಕುಳಿತು ಸೆರಗು ಬಾಯಿಗಿಟ್ಟು ಅತ್ತಳು.

ಸೀಗಿ ಹುಣ್ಣಿಮೆಯ ಹಿಂದಿನ ದಿನ, ಎದ್ದು ಕೂರುವಂತಾದ ಅವ್ವನಿಗೆ ಹೇಳಿ, ಮಗಳನ್ನು ಕರೆದುಕೊಂಡು ಹಾನಗಲ್ಲಿನಿಂದ ಬಸ್ಸು ಹಿಡಿದು, ಸವಣೂರಿನಲ್ಲಿಳಿದು, ಊರವರ ಬಂಡಿಯಲ್ಲಿ ಮನೆಗೆ ಬಂದಳು. ಬಾಗಿಲಲ್ಲಿ ಯಾರೂ ಇರಲಿಲ್ಲ. ಆರು ವರ್ಷ ಆ ಬಾಗಿಲಲ್ಲಿ ಕಾಯುವ ಎರಡು ಕಣ್ಣಿಗೆ ಹೆದರಿದವಳಿಗೆ ಬಾಗಿಲು ಖಾಲಿ ಕಂಡಾಗ ಬಾವಿಯೇ ನೆನಪಾಯಿತು. ಗಂಟು ಅಲ್ಲೇ ಹಾಕಿ ಹಿತ್ತಲಿಗೆ ಓಡಿದಳು. ಅನ್ನವ್ವ ಬಟ್ಟೆ ಒಗೆಯುತ್ತಿದ್ದಳು.

“ಎಲ್ಯದಾರ?”

“ಹೊಲಕ್ಕ ಹೋಗ್ಯಾನ. ನಾಳಿ ಚರಗಕ್ಕ ಬದು ಹಸನ ಮಾಡ್ತೇನಿ ಅಂದ.”

ಹೊಲಕ್ಕೆ! ತಾನು ಬರುವ ದಿನ! ಸಾವಂತ್ರವ್ವನಿಗೆ ನೆಮ್ಮದಿಯಾಗಬೇಕಿತ್ತು. ಆದರೆ ಎದೆಯಲ್ಲಿ ಏನೋ ಚುಚ್ಚಿತು. ನಾನು ಬೇಡವಾದೆನೇ? ಕಾಯದವನು ಪ್ರೀತಿಸುವನೇ? ಬಿಗಿದ ಹಗ್ಗ ಬಿಚ್ಚಿದ ಮೇಲೂ ಎತ್ತಿನ ಕುತ್ತಿಗೆ ಸ್ವಲ್ಪ ಹೊತ್ತು ಬಾಗಿಯೇ ಇರುವಂತೆ, ಆಕೆಯ ಮನಸ್ಸು ಆ ಕಾವಲನ್ನೇ ಹುಡುಕಿತು. ಹಾಗೆ ಹುಡುಕಿದ್ದು ತಿಳಿದು ಆಕೆಗೆ ಹೆದರಿಕೆಯೂ ಆಯಿತು. ಹೋಳಿಗೆಗೆ ಬೇಳೆ ಹಾಕಲು ಕೂತಳು.

ಸಂಜೆ ಆತ ಬಂದ. ಒಂದು ಚಪ್ಪಲಿ ಬಿಟ್ಟ. ತಡೆದ. ಇನ್ನೊಂದು ಬಿಟ್ಟ. ಆಕೆ ಉಸಿರು ಹಿಡಿದಳು. ಆತ ಅಡುಗೆಮನೆಯ ಬಾಗಿಲಿಗೆ ಬಂದು ನಿಂತು, ಯಾರ್ಯಾರಿದ್ದರು, ಯಾರ ಜೊತೆ ಬಂದಿ ಎನ್ನುವ ಮಾತುಗಳೆಲ್ಲ ಗಂಟಲಲ್ಲಿ ಸಾಲುಗಟ್ಟಿ ನಿಂತವನಂತೆ ಉಗುಳು ನುಂಗಿದ.

“ನಿಮ್ಮವ್ವ ಹೆಂಗದಾಳ?” ಅಂದ.

ಆಕೆಯ ಅವ್ವನ ಬಗ್ಗೆ ಆತ ಕೇಳಿದ್ದು ಅದೇ ಮೊದಲು.

ಅಲ್ಲಿಗೆ ಎಲ್ಲ ಸರಿಹೋಯಿತೆಂದಲ್ಲ. ಮನುಷ್ಯನ ಭಯ ಒಂದು ಮುಂಜಾನೆಯಲ್ಲಿ ಹೋಗುವಂಥದ್ದಲ್ಲ. ಆಕೆ ತವರಿಗೆ ಹೊರಟ ದಿನ ಬಾವಿಯ ದಂಡೆಯ ಮೇಲೆ ತಾಯಿ ಮಗ ಮಧ್ಯಾಹ್ನದವರೆಗೆ ಕುಳಿತಿದ್ದರಂತೆ. ಏನು ಮಾತಾಡಿದರೆಂದು ಇಬ್ಬರೂ ಹೇಳಲಿಲ್ಲ, ಸಾವಂತ್ರವ್ವ ಕೇಳಲೂ ಇಲ್ಲ. ಆದರೆ ಆಕೆ ಮೂರು ಸಂಗತಿಗಳನ್ನು ಬಿಟ್ಟಳು. ಮಾಡದ ತಪ್ಪಿಗೆ ಕಾಲು ಹಿಡಿಯುವುದನ್ನು ಬಿಟ್ಟಳು. ಆತನ ಸಮಾಧಾನಕ್ಕಾಗಿ ಸುಳ್ಳು ಹೇಳುವುದನ್ನು ಬಿಟ್ಟಳು. ಆತ ಮಾತು ಬಿಟ್ಟರೆ ಹಿಂದೆ ಹಿಂದೆ ಸುತ್ತುವುದನ್ನು ಬಿಟ್ಟಳು. “ಮಾತಾಡಬೇಕನಸಿದಾಗ ಮಾತಾಡ್ರಿ, ನಾ ಇಲ್ಲೇ ಇರ್ತೇನಿ,” ಎಂದು ತನ್ನ ಕೆಲಸಕ್ಕೆ ಹೋಗುತ್ತಿದ್ದಳು. ಹೇಳುವುದು ಸುಲಭ. ಹೇಳಿ ಬೆನ್ನು ತಿರುಗಿಸಿದಾಗ ಬೆನ್ನಿನ ಚರ್ಮವೆಲ್ಲ ಕಿವಿಯಾಗುತ್ತಿತ್ತು.

ಕೆರೆಗೆ ಮತ್ತೆ ಹೋಗತೊಡಗಿದಳು. ಮೊದಮೊದಲು ಉಳಿವೆಪ್ಪ ಓಣಿಯ ತುದಿಯವರೆಗೆ ಬಂದು ನಿಲ್ಲುತ್ತಿದ್ದ. ಆಮೇಲೆ ಬಾಗಿಲಲ್ಲಿ. ಅರವತ್ತೊಂದರಲ್ಲಿ ಒಮ್ಮೆ ಎಲ್ಲ ತಿರುಗಿ ಕೆಟ್ಟಿತು. ಶಿಗ್ಗಾಂವಿಯ ಸಂತೆಗೆ ಹೋದವಳು ಬಸ್ಸು ಕೆಟ್ಟು ತಡವಾಗಿ ಬಂದಳು. ಆತ ಸಂತೆಯ ಚೀಲ ಕಸಿದು ಅಂಗಳಕ್ಕೆ ಎಸೆದ. ಮೆಣಸಿನಕಾಯಿ, ಬೆಲ್ಲ, ಮಗಳಿಗೆ ತಂದ ರಿಬ್ಬನ್ನು ಎಲ್ಲ ಚೆಲ್ಲಾಪಿಲ್ಲಿ. ಸಾವಂತ್ರವ್ವ ಆಯ್ದುಕೊಳ್ಳಲಿಲ್ಲ. “ನೀವು ಚೆಲ್ಲೀರಿ, ನೀವ ಆರಸ್ರಿ,” ಎಂದು ಒಳಗೆ ಹೋದಳು. ದೀಪ ಹಚ್ಚುವ ಹೊತ್ತಿಗೆ ಬಾಗಿಲ ಸಂದಿಯಿಂದ ನೋಡಿದರೆ ಆತ ಕುಕ್ಕರಗಾಲಲ್ಲಿ ಕುಳಿತು ಮಣ್ಣಿನಿಂದ ಮೆಣಸಿನಕಾಯಿ ಆರಿಸುತ್ತಿದ್ದ.

ವರ್ಷಕ್ಕೊಮ್ಮೆ ಆಡೂರಿಗೆ ಹೋಗುವುದನ್ನು ಆಕೆ ತಪ್ಪಿಸಲಿಲ್ಲ. ಹೇಳಿದ ದಿನಕ್ಕೆ ಬರುವುದನ್ನೂ ತಪ್ಪಿಸಲಿಲ್ಲ. ಒಮ್ಮೆ ಹಳ್ಳ ಬಂದು ರಸ್ತೆ ಮುಳುಗಿದಾಗ ಸುತ್ತು ಹಾಕಿ, ಮೊಣಕಾಲುದ್ದ ಕೆಸರಿನಲ್ಲಿ ನಡೆದು ಬಂದಳು. ಆಕೆ ಹೋದ ಮೊದಲ ದಿನ ಉಳಿವೆಪ್ಪನಿಗೆ ಈಗಲೂ ಮೈ ಕಾಯುತ್ತದೆಂದು ಬಹಳ ವರ್ಷಗಳ ಮೇಲೆ ಅನ್ನವ್ವ ಹೇಳಿದಳು. “ಯಾರಿಗೂ ಹೇಳಬ್ಯಾಡ ಅಂತಾನ. ಶುಂಠಿ ಕಷಾಯ ತಾನ ಕಾಸಿ ಕುಡದು ಹೊದ್ದು ಮಲಗ್ತಾನ. ಮರುದಿನ ಎದ್ದು ಹೊಲಕ್ಕ ಹೋಗ್ತಾನ.” ಅದನ್ನು ಕೇಳಿದಂದು ಸಾವಂತ್ರವ್ವನಿಗೆ ಗಂಡನ ಮೇಲೆ ಹುಟ್ಟಿದ ಮಮತೆ ಮದುವೆಯ ಹೊಸತರಲ್ಲೂ ಹುಟ್ಟಿರಲಿಲ್ಲ.

ಅರವತ್ತೈದರ ಸುಗ್ಗಿ ಮುಗಿದ ಮೇಲೆ ಒಂದು ದಿನ ಉಳಿವೆಪ್ಪ ತಲೆಗೆ ಪಟಗ ಸುತ್ತಿಕೊಳ್ಳುತ್ತ, “ಅವ್ವ, ಹಂಸಭಾವಿಗೆ ಹೋಗಿ ಬರೂನೇನು?” ಎಂದು ಕೇಳಿದ. ತಿರುಗಿ ಬಂದ ದಿನದಿಂದ ಅನ್ನವ್ವ ಆ ದಾರಿ ತುಳಿದಿರಲಿಲ್ಲ. ಅಣ್ಣ ಸತ್ತಾಗಲೂ ಹೋಗಿರಲಿಲ್ಲ. ಮುದುಕಿ ಮಗನ ಮುಖವನ್ನೇ ನೋಡಿದಳು. “ಯಾರದಾರಪ್ಪಾ ಅಲ್ಲೆ?” ಎಂದಳು. ಆದರೆ ಆಗಲೇ ಪೆಟ್ಟಿಗೆಯ ತಳದಿಂದ ಇಳಕಲ್ಲ ಸೀರೆ ತೆಗೆಯುತ್ತಿದ್ದಳು.

ಮೂವರೂ ಬಸ್ಸಿನಲ್ಲಿ ಹೋದರು. ಆ ಮನೆಯಲ್ಲಿ ಅಣ್ಣನ ಹೆಂಡತಿ, ಕಣ್ಣು ಮಂಜಾದ ಮುದುಕಿ, ಇನ್ನೂ ಇದ್ದಳು. ಬೆಲ್ಲ ನೀರು ಕೊಟ್ಟಳು. ಇಬ್ಬರು ಮುದುಕಿಯರು ಒಬ್ಬರ ಮುಖವನ್ನೊಬ್ಬರು ಕೈಯಿಂದ ಸವರಿ ನೋಡಿದರು. ಉಂಡಾದ ಮೇಲೆ ಅನ್ನವ್ವ ಪಡಸಾಲೆಯ ತಂಪು ನೆಲದ ಮೇಲೆ ತೋಳು ತಲೆದಿಂಬು ಮಾಡಿಕೊಂಡು ಒರಗಿದಳು. ಒರಗಿದವಳಿಗೆ ನಿದ್ದೆ ಹತ್ತಿತು. ಬಾಯಿ ತುಸು ತೆರೆದು, ಕಾಲು ಮಡಚಿ, ಹುಡುಗಿಯರು ಮಲಗುವಂತೆ ಮಲಗಿದ್ದಳು. ಉಳಿವೆಪ್ಪ ಪಕ್ಕದಲ್ಲಿ ಕುಳಿತು ಪಟಗದ ಸೆರಗಿನಿಂದ ನೊಣ ಓಡಿಸುತ್ತಿದ್ದ.

ಬಿಸಿಲು ಇಳಿಯಿತು. ಊರ ಮುಂದೆ ಬಸ್ಸಿನ ಹಾರ್ನು ಕೇಳಿಸಿತು.

“ಕಡೀ ಬಸ್ಸರೀ,” ಅಂದಳು ಸಾವಂತ್ರವ್ವ. “ಅತ್ತೀನ ಎಬ್ಬಸ್ರಿ. ಮನ್ಯಾಗ ಹುಡುಗಿ ಒಬ್ಬಾಕಿನ ಅದಾಳ.”

“ನೆರಿಮನಿಯವರಿಗೆ ಹೇಳಿ ಬಂದೇನಿ,” ಅಂದ ಉಳಿವೆಪ್ಪ. ಹಾರ್ನು ಇನ್ನೊಮ್ಮೆ ಕೂಗಿತು. ಆತ ಕೈಯ ಬಟ್ಟೆಯನ್ನು ಬೀಸುತ್ತಲೇ ಇದ್ದ.

“ಮಲಗಲಿ ಬಿಡು. ನಾಳಿ ಹೋದ್ರಾತು.”